ನಾಲ್ಕರ ಪಕ್ಕ ಎರಡು

ನನ್ನ ಎದೆಯಲ್ಲಿ ಎರಡನೆಯ ಪಕ್ಕೆಲುಬು ಎಲ್ಲಿದೆ ಎಂದು ನನಗೆ ಗೊತ್ತು. ಕೊರಳ ಕೆಳಗೆ ಒಂದು ಗುಳಿ ಇದೆಯಲ್ಲ, ಅಲ್ಲಿ ಬೆರಳಿಟ್ಟು ಎದೆಮೂಳೆಯ ಮೇಲೆ ಮೆಲ್ಲಗೆ ಕೆಳಕ್ಕೆ ಜಾರಿಸಬೇಕು. ಸ್ವಲ್ಪದರಲ್ಲೇ ಒಂದು ಅಡ್ಡ ದಿಣ್ಣೆ ಬೆರಳಿಗೆ ತಡೆಯುತ್ತದೆ. ಅಲ್ಲಿಂದ ಪಕ್ಕಕ್ಕೆ ಸರಿದರೆ ಸಿಕ್ಕುವುದೇ ಎರಡನೆಯದು. ಮೊದಲನೆಯದು ಕೊರಳ ಎಲುಬಿನ ಹಿಂದೆ ಅಡಗಿ ಕೂತಿರುತ್ತದೆ, ಅದನ್ನು ಹುಡುಕಲು ಹೋಗಬಾರದು. ಈಚೆಗೆ ನಾನು ಹಾಲಿನವನು, ಕ್ಷೌರದವನು, ನೂಲಿನಂಗಡಿಯ ಗುಮಾಸ್ತ, ಎಲ್ಲರನ್ನೂ ನಿಲ್ಲಿಸಿಕೊಂಡು ಇದನ್ನು ತೋರಿಸಿದ್ದೇನೆ. ಬೀದಿಯವರು ನನ್ನನ್ನು ಕಂಡರೆ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದಾರೆ. ದಾಟಿಕೊಳ್ಳಲಿ. ನನಗಿರುವ ಸಂತೋಷಕ್ಕೆ ಬೀದಿಯ ಎರಡೂ ಬದಿ ಸಾಲದು.

ಆ ಸಂತೋಷ ಎಂಥದೆಂದು ಕೊನೆಗೆ ಹೇಳುತ್ತೇನೆ. ಮೊದಲು ಪಟ್ಟ ಪಾಡು ಬರೆಯಬೇಕು. ನಾನು ದೊಡ್ಡಬಳ್ಳಾಪುರದ ನೇಕಾರ. ಓದಿದ್ದು ಮೂರನೆಯ ಕ್ಲಾಸು. ಅಕ್ಷರ ತಪ್ಪಿದಲ್ಲಿ ನಮ್ಮ ಬೀದಿಯ ಮೇಷ್ಟ್ರು ತಿದ್ದಿಕೊಟ್ಟಿದ್ದಾರೆ. ವಿಷಯ ಮಾತ್ರ ತಿದ್ದಬೇಡಿ ಸ್ವಾಮಿ ಎಂದು ಕೇಳಿಕೊಂಡಿದ್ದೇನೆ.

ಯುದ್ಧ ಮುಗಿದಿತ್ತು, ನೂಲಿನ ಕಂಟ್ರೋಲು ಮುಗಿದಿರಲಿಲ್ಲ. ಆಗ ಮೈಸೂರಿನಲ್ಲಿ ಡಾಕ್ಟರಿ ಓದುತ್ತಿದ್ದ ನನ್ನ ಮೊಮ್ಮಗಳು ಮನೆಗೆ ಬಂದಳು. ನನ್ನ ಮಗನ ಮಗಳು, ಒಬ್ಬಳೇ. ಬಂದವಳು ಪೆಟ್ಟಿಗೆ ಇಳಿಸಿ, ನನ್ನ ಮಗ್ಗದ ಪಕ್ಕದಲ್ಲಿ ಬಂದು ಕೂತುಕೊಂಡಳು. ಚಿಕ್ಕವಳಿದ್ದಾಗ ಏನಾದರೂ ಮುರಿದರೆ ಹಾಗೆ ಬಂದು ಕೂರುತ್ತಿದ್ದಳು.

"ಏನ್ ಮುರಿದ್ಯವ್ವಾ?" ಎಂದೆ.

"ಪರೀಕ್ಷೆ ತಾತ," ಎಂದಳು.

ಪುಸ್ತಕದ ಪರೀಕ್ಷೆಯಲ್ಲಿ ಪಾಸಾಗಿ ಕೈಯಲ್ಲಿ ಮಾಡಿ ತೋರಿಸುವುದರಲ್ಲಿ ಹೋಗಿತ್ತು. "ಗಂಡು ಹುಡುಗ್ರು ಹಾಸ್ಟೆಲ್‌ನಲ್ಲಿ ಒಬ್ರ ಎದೆ ಮೇಲೆ ಒಬ್ರು ಬಳಪದಲ್ಲಿ ಗೆರೆ ಎಳ್ಕೊಂಡು ಕಲೀತಾರೆ. ನಾನು ಯಾರ ಎದೆ ಮೇಲೆ ಎಳೀಲಿ? ಚಿತ್ರ ನೋಡಿದ್ದು ಅಷ್ಟೆ. ಪರೀಕ್ಷೇಲಿ ಒಬ್ಬ ಮುದುಕಪ್ಪನ್ನ ಬರೀ ಮೈಯಲ್ಲಿ ಕೂರ್ಸಿ, ಪಕ್ಕೆಲುಬು ಎಣಿಸಮ್ಮಾ ಅಂದ್ರು. ಬೆರಳಿಗೆ ಮೊದಲು ಸಿಕ್ಕಿದ್ದನ್ನೇ ಒಂದು ಅಂದ್ಬಿಟ್ಟೆ. ಅದು ಎರಡು. ಅಲ್ಲಿಂದ ಕೆಳಗೆ ಎಲ್ಲಾ ತಪ್ಪು."

"ಇನ್ನೊಂದ್ ಸಲ ಕೂತ್ಕೊ."

"ಇನ್ನೊಂದೇ ಸಲ ತಾತ. ಅದೂ ಹೋದ್ರೆ ಸೀಟು ಹೋಗ್ತದೆ."

ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಬೆನ್ನುಮೂಳೆಯ ಸಂದುಗಳಿಂದ ಎಡಕ್ಕೊಂದು ಬಲಕ್ಕೊಂದು ನರ ಹೊರಡುತ್ತದೆ. ಕತ್ತಿನವು ಎಂಟು, ಎದೆಯವು ಹನ್ನೆರಡು. ಚರ್ಮದ ಮೇಲೆ ಒಂದೊಂದು ನರಕ್ಕೂ ಒಂದೊಂದು ಪಟ್ಟೆ ಪಾಲಿಗೆ ಬಂದಿದೆ. ಅಲ್ಲಿ ಮುಟ್ಟಿದರೆ ಆ ನರವೇ ಸುದ್ದಿ ಒಯ್ಯಬೇಕು. ಎದೆಯ ಮೇಲೆ ಯಾವ ಪಟ್ಟೆ ಎಲ್ಲಿ ಎಂದು ಪಕ್ಕೆಲುಬು ಎಣಿಸಿಯೇ ಗುರುತಿಸಬೇಕು. ಎಲ್ಲಿ ಮರಗಟ್ಟಿದೆ ಎಂದು ನೋಡಿದರೆ ಬೆನ್ನಿನಲ್ಲಿ ಎಲ್ಲಿ ಕೆಟ್ಟಿದೆ ಎಂದು ಡಾಕ್ಟರು ಹೇಳಬಲ್ಲರು. ಅದಕ್ಕೆ ಡರ್ಮಟೋಮ್ ಎಂದು ಹೆಸರಂತೆ. ನನ್ನ ನಾಲಿಗೆ ಅದಕ್ಕೆ ಒಗ್ಗಲಿಲ್ಲ, ನಾನು ಪಟ್ಟೆ ಎಂದೇ ಕರೆದೆ.

ಅವಳು ಒಂದು ಬಿಳಿ ರವಿಕೆಯ ಮೇಲೆ ಮಸಿಯಿಂದ ಪಟ್ಟೆ ಬರೆದು, ಕೋಣೆಯ ಬಾಗಿಲು ಹಾಕಿಕೊಂಡು, ತೊಟ್ಟು, ತನ್ನ ಮೈಮೇಲೇ ಕಲಿಯಲು ನೋಡಿದ್ದಳು. ಬೆವರಿಗೆ ಮಸಿ ಕರಗಿ ಎಲ್ಲಾ ಒಂದೇ ಆಗಿತ್ತು. ಅದನ್ನು ನೋಡಿ ನನಗೆ ರೋಷ ಬಂತು.

"ನೇಕಾರನ ಮೊಮ್ಮಗಳು ಬಟ್ಟೆಗೆ ಮಸಿ ಬಳೀತಾಳಾ? ನಾನು ನೇಯ್ದು ಕೊಡ್ತೀನಿ. ನೀನು ಒಗೆದು ಒಗೆದು ತೊಡು."

ಅವಳು ಇದ್ದಿಲಿನಿಂದ ಮಗ್ಗದ ಪಕ್ಕದ ಗೋಡೆಯ ಮೇಲೆ ಕೊರಳಿಂದ ಸೊಂಟದವರೆಗೆ ಒಂದು ಮೈ ಬರೆದಳು. ಅಡ್ಡ ಪಟ್ಟೆ ಎಳೆದು ಅಂಕಿ ಹಾಕಿದಳು. ಒಂದೊಂದು ಪಟ್ಟೆ ಎಷ್ಟು ಅಗಲ ಎಂದು ತನ್ನ ಬೆರಳಿಟ್ಟು ತೋರಿಸಿದಳು. ಒಂದರ ಅಂಚು ಇನ್ನೊಂದರ ಮೇಲೆ ಸ್ವಲ್ಪ ಹತ್ತಿರುತ್ತದೆ, ಕಡ್ಡಿ ಮುರಿದ ಹಾಗೆ ನಿಲ್ಲುವುದಿಲ್ಲ ಎಂದಳು. "ಅಂಚಿನಲ್ಲಿ ಎರಡು ಲಾಳಿ ಹಿಡಿದು ಎರಡು ಬಣ್ಣವನ್ನೂ ಒಂದು ಬಿಟ್ಟು ಒಂದು ಹೊಡೆದರಾಯಿತು," ಎಂದೆ. ಅವಳ ಮುಖ ಆಗ ಸ್ವಲ್ಪ ಗೆಲುವಾಯಿತು. ನನ್ನ ಹೆಂಡತಿ ದಾರ ಹಿಡಿದು ಅಳತೆ ತೆಗೆದಳು, ಕೊರಳ ಬಳಿ ಒಂದು ಗಂಟು, ಸೊಂಟದ ಬಳಿ ಒಂದು ಗಂಟು. ಮೊಮ್ಮಗಳು ಓದಿಕೊಳ್ಳಲು ಬೆಂಗಳೂರಿಗೆ ಸೋದರತ್ತೆಯ ಮನೆಗೆ ಹೊರಟಳು. ಪರೀಕ್ಷೆಗೆ ಹೋಗುವ ಮುಂಚೆ ಬಂದು ಬಟ್ಟೆ ಒಯ್ಯುವುದು ಎಂದಾಯಿತು.

"ಗೋಡೆ ಮೇಲಿರೋ ಹಾಗೇ ನೇಯಿ ತಾತ," ಎಂದು ಬಾಗಿಲಲ್ಲಿ ನಿಂತು ಹೇಳಿದಳು.

ಹೊಸ ಹಾಸು, ಎಂದರೆ ಮಗ್ಗದ ಉದ್ದೆಳೆ, ಹಾಕಲು ನೂಲು ಎಲ್ಲಿಂದ ತರಲಿ? ಮಗ್ಗದಲ್ಲಿ ಒಂದು ಧೋತ್ರದ ಹಾಸು ಮುಗಿಯುತ್ತ ಬಂದಿತ್ತು. ಕೊನೆಯಲ್ಲಿ ಒಂದು ತುಂಡು ಉಳಿಯುತ್ತದೆ. ಬೇಕಾದ ಅಳತೆಗಿಂತ ಸ್ವಲ್ಪ ಉದ್ದವೇ ಇತ್ತು, ಆದರೆ ಇದ್ದದ್ದು ಅದೊಂದೇ. ಅಡ್ಡ ಹೊಡೆಯುವ ಹೊಕ್ಕಿಗೆ ಬಣ್ಣ ಬೇಕಲ್ಲ. ಬೀದಿಯ ಮನೆಮನೆಗೆ ಹೋಗಿ ಸೀರೆ ನೇಯ್ದು ಮಿಕ್ಕಿದ ರೇಷ್ಮೆ ಎಳೆಗಳನ್ನು ಬೇಡಿ ತಂದೆ. ಒಂದು ಬೊಗಸೆ ಹಸಿರು, ಅರ್ಧ ಬೊಗಸೆ ನೀಲಿ, ಹೀಗೆ. ಕೆಂಪು ಸಿಕ್ಕಲಿಲ್ಲ, ಬಿಳಿಯದನ್ನೇ ಬಣ್ಣದ ಮಡಕೆಯಲ್ಲಿ ಅದ್ದಿದೆ. ನನ್ನ ಹೆಂಡತಿ ರಾಟೆಯಲ್ಲಿ ಒಂದೊಂದು ಬಣ್ಣಕ್ಕೂ ಲಾಳಿಯೊಳಗಿಡುವ ಒಂದೊಂದು ಕಂಡಿಕೆ ಸುತ್ತಿಕೊಟ್ಟಳು. ಎಳೆ ಹರಿದರೆ ಮತ್ತೊಂದಿಲ್ಲ. ಲಾಳಿ ಎಸೆಯುವಾಗ ಉಸಿರು ಹಿಡಿದುಕೊಳ್ಳುತ್ತಿದ್ದೆ.

ಕತ್ತಿನ ಮೂರು ನೇಯ್ದೆ. ನಾಲ್ಕು, ಹಸಿರಿನಲ್ಲಿ ನೇಯ್ದೆ. ಮುಂದಿನದಕ್ಕೆ ಗೋಡೆ ನೋಡಿದರೆ ನಾಲ್ಕರ ಕೆಳಗೆ ಎರಡು ಎಂದಿತ್ತು. ಅದರ ಕೆಳಗೆ ಮೂರು, ಮತ್ತೆ ನಾಲ್ಕು, ಹಾಗೇ ಹನ್ನೆರಡರವರೆಗೆ.

ಎದುರು ಮನೆಯ ನೇಕಾರ, ನನ್ನ ಓರಗೆಯವನು, ಬೀಡಿ ಸೇದುತ್ತ ಒಳಗೆ ಬಂದ. ಮಗ್ಗ ನೋಡಿದ, ಗೋಡೆ ನೋಡಿದ.

"ಲೇ, ಯಾರಿಗ್ಲಾ ಇದು? ಕಾಮನಬಿಲ್ಲಿಗೆ ಲಂಗ ಹೊಲಿಸ್ತೀಯಾ?"

"ಮೊಮ್ಮಗಳಿಗೆ ಕಣೋ. ಪರೀಕ್ಷೆಗೆ."

"ನಾಲ್ಕಾದ್ಮೇಲೆ ಎರಡು ಬರ್ದವ್ಳಲ್ಲೋ! ಡಾಕ್ಟ್ರಮ್ಮಂಗೆ ಎಣಿಸೋಕೆ ಬರಲ್ವಾ? ಅದ್ಕೇ ಕಣ್ಲಾ ಫೇಲಾಗಿರೋದು."

ಅವನು ನಗುತ್ತ ಹೋದ. ನನಗೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಕತ್ತಿನವು ಎಂಟು ಎಂದು ಅವಳೇ ಹೇಳಿದ್ದಳು. ನಾಲ್ಕಾದ ಮೇಲೆ ಐದು, ಆರು, ಏಳು, ಎಂಟು, ಅವು ಮುಗಿದ ಮೇಲೆ ಎದೆಯ ಒಂದು, ಆಮೇಲಲ್ಲವೇ ಎರಡು? ಐದು ಪಟ್ಟೆ ಬಿಟ್ಟಿದ್ದಾಳೆ. ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇದೆ. ಸೆರಗಿನ ನಕ್ಷೆ ಬರೆಯುವವನು ಅವಸರದಲ್ಲಿ ಗೆರೆ ಬಿಟ್ಟರೆ ಅವನನ್ನು ಕೇಳಲು ಯಾರೂ ಹೋಗುವುದಿಲ್ಲ, ನೇಯುವವನೇ ಎಣಿಸಿ ತುಂಬಿಕೊಳ್ಳುತ್ತಾನೆ. ಬಿಟ್ಟ ಗೆರೆಯನ್ನು ಬಿಟ್ಟ ಹಾಗೇ ನೇಯ್ದರೆ ಅವನನ್ನು ನೇಕಾರ ಎನ್ನುವುದಿಲ್ಲ. ಇದೇ ತಪ್ಪನ್ನು ಅವಳು ಪರೀಕ್ಷೆಯಲ್ಲಿಯೂ ಮಾಡಿರಬೇಕು, ಪಾಪ, ಹೇಳಿಕೊಳ್ಳಲು ನಾಚಿಕೆ, ಎಂದುಕೊಂಡೆ. ಐದನ್ನೂ ನೇಯ್ದೆ. ಅಂಚು ಅಂಚಿಗೂ ಎರಡು ಲಾಳಿ ಹಿಡಿದು, ಹೊಂದಿಸಿ ನೇಯ್ದೆ. ಹನ್ನೆರಡು ಮುಟ್ಟುವ ಹೊತ್ತಿಗೆ ಹಾಸು ಪೂರಾ ಮುಗಿಯಿತು.

ಬಟ್ಟೆ ಇಳಿಸಿ ನನ್ನ ಹೆಂಡತಿ ದಾರ ಹಿಡಿದಳು. ಗಂಟು ದಾಟಿ ಬಟ್ಟೆ ಎಷ್ಟೋ ಕೆಳಗೆ ಇಳಿದಿತ್ತು.

"ಉದ್ದ ಆಯ್ತಲ್ರೀ."

"ನಿನ್ನ ದಾರ ಮುದುರಿರಬೇಕು," ಎಂದೆ.

ಅವಳು ಬಟ್ಟೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಬೆನ್ನಿನ ನಡುವೆ ಕೂಡಿಸಿ ಹೊಲಿದಳು. ಎದೆಯ ನಡುವೆ ತೆರೆದು ಲಾಡಿ ಇಟ್ಟಳು. ಪಟ್ಟೆ ಬೆನ್ನಿನಿಂದ ಎದೆಗೆ ಬರುವಾಗ ಇಳಿಜಾರಾಗಬೇಕು ಎಂದು ಮೊಮ್ಮಗಳು ಹೇಳಿದ್ದರಿಂದ ಒಂದಿಷ್ಟು ಓರೆ ಹಿಡಿದೇ ಹೊಲಿದಳು. ತೋಳಿರಲಿಲ್ಲ.

ಮೊಮ್ಮಗಳು ಮಧ್ಯಾಹ್ನದ ರೈಲಿಗೆ ಬಂದಳು. ನಾಡಿದ್ದು ಮೈಸೂರಿಗೆ ಹೊರಡಬೇಕಿತ್ತು. ಕೈಕಾಲು ತೊಳೆಯುವುದಕ್ಕೂ ಬಿಡದೆ ಬಟ್ಟೆ ಕೊಟ್ಟೆ. ರವಿಕೆಯ ಮೇಲೇ ತೊಟ್ಟುಕೊಂಡು ಹೊರಗೆ ಬಂದಳು. ಕೊರಳಿಂದ ಕೆಳಗೆ ಬೆರಳಿಟ್ಟು ಎಣಿಸುತ್ತ ಬಂದವಳು ಹಸಿರಿನ ಕೆಳಗೆ ನಿಂತುಬಿಟ್ಟಳು.

"ತಾತ, ಈ ಐದು ಎಲ್ಲಿಂದ ಬಂತು?"

"ನೀನು ಮರ್ತಿದ್ದೆ. ನಾನು ತುಂಬ್ದೆ." ಎಂಥ ಹಮ್ಮಿನಿಂದ ಹೇಳಿದೆ!

ಅವಳು ಆ ಐದರ ಮೇಲೆ ಮತ್ತೊಮ್ಮೆ ಬೆರಳಾಡಿಸಿದಳು. ಆಮೇಲೆ, "ತುಂಬಾ ಚೆನ್ನಾಗಿದೆ ತಾತ," ಎಂದು ನಕ್ಕು, ಒಳಗೆ ಹೋದಳು. ನಾನು ಖುಷಿಯಾಗಿ ಎಲೆ ಅಡಿಕೆ ಹಾಕಿಕೊಂಡೆ. ಒಳಗಿನಿಂದ ನನ್ನ ಹೆಂಡತಿ ಬಂದು ನನ್ನ ಮುಂದೆ ನಿಂತಳು.

"ಮಗು ಮತ್ತೆ ಬಿಳೀ ಬಟ್ಟೆಗೆ ಮಸಿ ಬರೀತಾ ಕೂತದೆ. ಏನ್ ಮಾಡಿಟ್ರಿ ನೀವು?"

ಬಾಯಲ್ಲಿದ್ದ ಎಲೆ ಕಹಿಯಾಯಿತು. ಒಳಗೆ ಹೋಗಿ ಕೇಳಿದೆ. ಗೋಡೆಯ ಮೇಲೆ ಬರೆದದ್ದೇ ಸರಿಯಂತೆ. ಎದೆಯ ಮೇಲೆ ನಾಲ್ಕರ ಪಕ್ಕ ಎರಡೇ. ನಾನು ನೇಯ್ದದ್ದನ್ನು ತೊಟ್ಟು ಕಲಿತರೆ ಮೊಲೆಯ ಮಟ್ಟಕ್ಕೆ ಬರಬೇಕಾದ ಎದೆಯ ನಾಲ್ಕು ಎಲ್ಲೋ ಹೊಟ್ಟೆಗೆ ಹೋಗುತ್ತದೆ, ಹೊಕ್ಕುಳಿಗೆ ಬರಬೇಕಾದ ಹತ್ತು ತೊಡೆಗೆ. "ಇರ್ಲಿ ಬಿಡು ತಾತ, ನಾನು ಹೆಂಗೋ ಕಲೀತೀನಿ," ಎಂದಳು. ಸೀಟು ಹೋಗುವುದು ಅವಳದು, ಕಳೆಯುತ್ತಿರುವವನು ನಾನು.

ಬಿಚ್ಚೋಣವೆಂದರೆ ಹೊಕ್ಕನ್ನು ಕೊನೆಯಿಂದ ಬಿಚ್ಚುತ್ತ ಬರಬೇಕು. ಮಗ್ಗದ ಮೇಲೆ ಹಾಸು ಇನ್ನೂ ಇದ್ದಿದ್ದರೆ ಅದಾಗುತ್ತಿತ್ತು. ಹಾಸು ಮುಗಿದಿದೆ, ಬಣ್ಣದ ಎಳೆ ಒಂದು ಗೇಣೂ ಉಳಿದಿಲ್ಲ. ಸುಮ್ಮನೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತೆ. ಮಗ್ಗದಲ್ಲಿ ಕೂರುವ ನಾವು ಯಾವತ್ತೂ ಬರೀ ಮೈಯವರು. ತಲೆ ತಗ್ಗಿಸಿದಾಗ ನನ್ನ ಎದೆಯೇ ಕಂಡಿತು. ಬಡಕಲು ಎದೆ. ಪಕ್ಕೆಲುಬುಗಳನ್ನು ದೂರದಿಂದ ಎಣಿಸಬಹುದು.

"ಇಲ್ಲಿ ಬಾರವ್ವಾ," ಎಂದು ಕೂಗಿದೆ. "ಬಟ್ಟೇನೂ ಬೇಡ ಗೋಡೇನೂ ಬೇಡ. ಇದರ ಮೇಲೆ ಬರಿ."

"ತಾತ!"

"ಪರೀಕ್ಷೇಲಿ ಕೂರ್ಸೋದೂ ಒಬ್ಬ ಮುದುಕನ್ನೇ ತಾನೆ? ನಾನೇ ಅವನು ಅಂದ್ಕೊ. ಎಣಿಸಮ್ಮಾ."

ಬಣ್ಣದ ಮಡಕೆಯ ತಳದಲ್ಲಿ ಕೆಂಪು ಉಳಿದಿತ್ತು. ಒಂದು ಕಡ್ಡಿಗೆ ಹತ್ತಿ ಸುತ್ತಿ ಅವಳ ಕೈಗೆ ಕೊಟ್ಟೆ. ಅವಳ ಬೆರಳು ನನ್ನ ಎದೆಗೆ ತಾಗಿದಾಗ ತಣ್ಣಗಿತ್ತು. ಕೊರಳ ಎಲುಬಿನ ಕೆಳಗೆ ಒತ್ತಿ, "ಒಂದು," ಎಂದಳು. ಎಂದವಳೇ ಕೈ ತೆಗೆದುಬಿಟ್ಟಳು. "ಮತ್ತೆ ಅದೇ ತಪ್ಪು ಮಾಡ್ದೆ ತಾತ. ಅದು ಎರಡು."

ನನ್ನ ಮುದುಕಿ ಬಾಗಿಲಲ್ಲಿ ಸೆರಗು ಬಾಯಿಗಿಟ್ಟು ನಿಂತಿದ್ದಳು.

"ಪಕ್ಕೆಯಿಂದ ಯಾಕೆ ಶುರು ಮಾಡ್ತೀಯಾ?" ಎಂದೆ. "ಪುಸ್ತಕದಲ್ಲಿ ಎಲ್ಲಿಂದ ಶುರು ಮಾಡು ಅಂತ ಅದೆ?"

ಅವಳು ಕಣ್ಣು ಮುಚ್ಚಿಕೊಂಡಳು. ಕೊರಳ ಗುಳಿಗೆ ಬೆರಳಿಟ್ಟು ನಿಧಾನವಾಗಿ ಇಳಿಸಿದಳು. ದಿಣ್ಣೆಯ ಮೇಲೆ ಬೆರಳು ತಡೆದು ನಿಂತದ್ದು ನನಗೂ ಗೊತ್ತಾಯಿತು. ಪಕ್ಕಕ್ಕೆ ಸರಿಸಿ, "ಎರಡು," ಎಂದಳು. ಅಳಿಸಿ ಮತ್ತೆ ಮಾಡು ಎಂದೆ. ಮತ್ತೆ ಮಾಡಿದಳು. ಹೊತ್ತು ಇಳಿಯುವವರೆಗೆ ಅದೊಂದನ್ನೇ ಮಾಡಿಸಿದೆ. ಕೊನೆಕೊನೆಗೆ ಬೆರಳು ಹುಡುಕದೆ ಸೀದಾ ದಿಣ್ಣೆಗೇ ಹೋಗಿ ನಿಲ್ಲುತ್ತಿತ್ತು.

ಬೆಳಗ್ಗೆ ಎದ್ದು ಗೆರೆ ಎಳೆಯಲು ಶುರು ಮಾಡಿದೆವು. ಎರಡನೆಯ ಪಕ್ಕೆಯ ಹತ್ತಿರ ಒಂದು ಕೆಂಪು ಗೆರೆ. ಮೊಲೆಯ ಮಟ್ಟದಲ್ಲಿ ನಾಲ್ಕು. ಎದೆಮೂಳೆಯ ಕೊನೆಯ ಚೂಪಿನ ಹತ್ತಿರ ಆರು. ಹೊಕ್ಕುಳಲ್ಲಿ ಹತ್ತು. ಎಡದ ಪಟ್ಟೆ ನಡುಗೆರೆಗೆ ಬಂದು ನಿಲ್ಲುತ್ತದೆ, ಬಲದ್ದು ಆಚೆಯಿಂದ ಬಂದು ನಿಲ್ಲುತ್ತದೆ.

"ಸರ್ಪಸುತ್ತು ಎದ್ದಾಗ ಅರ್ಧ ಮೈಗೆ ಮಾತ್ರ ಪಟ್ಟೆ ಕಟ್ಕೊಂಡ್ ಬರ್ತದಲ್ಲಾ, ಅದು ಇದೇಯಾ?" ಎಂದು ಮುದುಕಿ ಕೇಳಿದಳು.

"ಅದೇ ಅಜ್ಜಿ! ಒಂದು ನರದ್ದು, ಒಂದೇ ಕಡೆ."

"ಮತ್ತೆ ಎರಡು ತುದಿ ಕೂಡಿದ್ರೆ ಸಾಯ್ತಾರೆ ಅಂತಾರಲ್ಲೇ?"

"ಕೂಡಲ್ಲ ಅಜ್ಜಿ. ನೋಡು, ಇಲ್ಲೇ ನಿಂತ್ಬಿಡ್ತದೆ."

ಹತ್ತಿಯ ಎಳೆಯೊಂದರಿಂದ ನನ್ನ ಚರ್ಮ ಸವರುತ್ತ ಯಾವ ಪಟ್ಟೆ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಮೇಲಿನ ಗೆರೆಗೆ ಬಂದಾಗ ಅಂದಳು: "ಇಲ್ಲಿ ನೋಡು ತಾತ. ಗೆರೆ ಮೇಲೆ ಮುಟ್ಟಿದ್ರೆ ಕತ್ತಿನ ನಾಲ್ಕು. ಕೂದಲಷ್ಟು ಕೆಳಗೆ ಬಂದ್ರೆ ಎದೆಯ ಎರಡು. ಮಧ್ಯದ ಐದು ಇಲ್ಲಿಲ್ಲ."

ನನಗೆ ಇನ್ನೂ ಒಳಗೊಳಗೇ ಹಟ. "ಇಲ್ದೆ ಎಲ್ಲಿ ಹೋದ್ವು? ಯಾರಾದ್ರೂ ಕದ್ಕೊಂಡ್ರಾ?"

"ಕೈ ಚಾಚು," ಎಂದಳು.

ಚಾಚಿದೆ. ಹೆಗಲ ಹೊರಮೈಯಿಂದ ಕೆಳಗೆ ಒಂದು ಉದ್ದ ಗೆರೆ ಎಳೆದು, "ಐದು," ಎಂದಳು. ಹೆಬ್ಬೆರಳಿನವರೆಗೆ ತಂದು ಆರು. ನಡುಬೆರಳು ಏಳು. ಕಿರುಬೆರಳು ಎಂಟು. ಮುಂಗೈ ಒಳಬದಿಯಲ್ಲಿ ಮೇಲಕ್ಕೆ ಬಂದು ಎದೆಯ ಒಂದು. ಕಂಕುಳಿಗೆ ಬಂದರೆ ಮತ್ತೆ ಎರಡು. "ಹೊಟ್ಟೇಲಿ ಮಗು ಬೆಳೆಯುವಾಗ ಕೈ ಮೊಳಕೆ ಒಡೀತದೆ ತಾತ. ಒಡೆಯುವಾಗ ಈ ಐದನ್ನೂ ತನ್ನ ಜೊತೆ ಎಳ್ಕೊಂಡು ಹೋಗ್ತದೆ. ಮೇಲಿನ ನಾಲ್ಕೂ ಕೆಳಗಿನ ಎರಡೂ ಇಲ್ಲಿ ಬಂದು ಸೇರ್ಕೋತವೆ."

ನಾನು ನನ್ನ ಕೈ ನೋಡಿಕೊಂಡೆ. ಲಾಳಿ ಎಸೆಯುವ ಕೈ. ಐದೂ ಅಲ್ಲಿದ್ದವು. ಆಮೇಲೆ ಮೂಲೆಯಲ್ಲಿ ಮಡಿಸಿಟ್ಟ ಬಟ್ಟೆಯ ಕಡೆ ನೋಡಿದೆ. ಅದರಲ್ಲಿಯೂ ಐದು ಹೆಚ್ಚು. ಅದಕ್ಕೆ ತೋಳಿಲ್ಲ.

"ಕತ್ತರಿ ತಾರೇ," ಎಂದೆ.

ಮುದುಕಿ ತರಲಿಲ್ಲ. ನಮ್ಮ ಮನೆಯಲ್ಲಿ ಹಾಸಿನ ಕೊನೆ ಕೊಯ್ಯುವುದು ಬಿಟ್ಟರೆ ನೇಯ್ದವನು ತನ್ನ ಬಟ್ಟೆಗೆ ತಾನು ಕತ್ತರಿ ಇಡುವುದಿಲ್ಲ. ನಮ್ಮಪ್ಪ ಇಟ್ಟವನಲ್ಲ, ನಾನೂ ಇಟ್ಟವನಲ್ಲ. "ದರ್ಜಿಗೆ ಕೊಡಿ, ಇಲ್ಲಾ ನಾನೇ ಕೊಯ್ತೀನಿ," ಎಂದಳು.

"ನಿಂಗೆ ಗೆರೆ ಕಾಣಲ್ಲ ಕಣೇ. ಅಂಚಲ್ಲೆಲ್ಲಾ ಎರಡು ಬಣ್ಣ ಕಲ್ಸಿ ಹೊಡ್ದಿದ್ದೀನಿ. ನಾಲ್ಕು ಎಲ್ಲಿ ಮುಗೀತು ಅನ್ನೋದು ಹೊಡ್ದವನಿಗೇ ಗೊತ್ತು."

ಬಾಗಿಲ ಬೆಳಕಿಗೆ ಬಟ್ಟೆ ಹಿಡಿದೆ. ಹಸಿರು ಎಳೆಗಳನ್ನು ಉಗುರಿನಿಂದ ಎಣಿಸಿ, ಕೊನೆಯ ಎಳೆಯ ಮೇಲೆ ಗಂಜಿ ಸವರಿದೆ, ಕೊಯ್ದ ಮೇಲೆ ಬಿಚ್ಚಿಕೊಳ್ಳದಿರಲಿ ಎಂದು. ಗಂಜಿ ಒಣಗುವವರೆಗೆ ಕಾಯುವುದೇ ದೊಡ್ಡ ಕೆಲಸವಾಯಿತು. ಒಂದು ಎಳೆ ಓರೆಯಾದರೂ ಎಲ್ಲಾ ಹಾಳು, ಮಾರನೆಯ ದಿನ ಅವಳ ರೈಲು. ಕತ್ತರಿ ಇಟ್ಟೆ. ಆ ಸದ್ದು ನನ್ನ ಚರ್ಮದಲ್ಲೇ ಕೇಳಿದ ಹಾಗಾಯಿತು. ಮೇಲೊಂದು ಕೊಯ್ತ, ಕೆಳಗೊಂದು ಕೊಯ್ತ. ನಡುಬೆನ್ನಿನ ಹೊಲಿಗೆ ಬಿಚ್ಚಿದಾಗ ಐದು ಪಟ್ಟೆಗಳ ಎರಡು ತುಂಡು, ಎಡದ್ದೊಂದು ಬಲದ್ದೊಂದು, ನನ್ನ ಮಡಿಲಿಗೆ ಬಿದ್ದವು.

ನಾಲ್ಕನ್ನೂ ಎರಡನ್ನೂ ಮುದುಕಿ ಕೌದಿ ಹೊಲಿಯುವ ಹೊಲಿಗೆಯಲ್ಲಿ ಕೂಡಿಸಿದಳು. ಅಲ್ಲಿ ಮಾತ್ರ ಬಣ್ಣ ಒಂದರೊಳಗೊಂದು ಹೋಗಿರಲಿಲ್ಲ, ಹಸಿರು ಮುಗಿದಲ್ಲೇ ಕೆಂಪು. ನನಗೆ ಅದು ಹುಳುಕಾಗಿ ಕಂಡಿತು. ಮೊಮ್ಮಗಳು ಮಾತ್ರ ಆ ಹೊಲಿಗೆಯ ಮೇಲೆ ಬೆರಳಾಡಿಸಿ, "ಹಿಂಗೇ ಇರೋದು ತಾತ. ಬೇರೆ ಕಡೆ ಪಟ್ಟೆ ಒಂದರ ಮೇಲೊಂದು ಹತ್ತಿರ್ತವೆ, ಈ ಗೆರೇಲಿ ಮಾತ್ರ ಅಷ್ಟಾಗಿ ಹತ್ತಲ್ಲ," ಎಂದಳು. ಐದು ಪಟ್ಟೆಯ ತುಂಡುಗಳನ್ನು ಉದ್ದುದ್ದಕ್ಕೆ ತಿರುಗಿಸಿ, ಸಾಲದ ಕಡೆ ಬಿಳಿ ಬಟ್ಟೆ ಸೇರಿಸಿ, ತೋಳು ಮಾಡಿದೆವು. ಐದು ಹೊರಗೆ, ಒಂದು ಒಳಗೆ. ಎಲ್ಲಾ ಆದ ಮೇಲೆ ಮುದುಕಿ ನನ್ನ ಮುಖ ನೋಡದೆ ಆ ಹಳೆಯ ದಾರ ತಂದು ಹಿಡಿದಳು. ಗಂಟು ಸರಿಯಾಗಿ ಬಟ್ಟೆಯ ಕೊನೆಗೆ ಬಂದು ನಿಂತಿತು.

"ದಾರ ಮುದುರಿರಬೇಕು," ಎಂದಳು.

ಮೊಮ್ಮಗಳು ಬಟ್ಟೆ ತೊಟ್ಟು, ನನ್ನ ಎದುರು ಕೂತು, ಒಂದು ಕೈ ತನ್ನ ಮೇಲೆ ಒಂದು ಕೈ ನನ್ನ ಮೇಲೆ ಇಟ್ಟು, ಕಣ್ಣು ಮುಚ್ಚಿ ಎಣಿಸಿದಳು. ಮಾರನೆಯ ದಿನ ಹೊರಟಳು.

ಆಮೇಲಿನ ದಿನಗಳನ್ನು ನೇಯ್ದುಕೊಂಡು ಕಳೆದೆ ಎನ್ನಲಾರೆ. ಲಾಳಿ ಕೈಯಲ್ಲಿ ಹಿಡಿದು ಕೂತಿರುತ್ತಿದ್ದೆ. ನಮ್ಮ ಬಣ್ಣ ಸೀರೆಗೆ ಹಾಕುವ ಬಣ್ಣ, ಚರ್ಮದಿಂದ ಸುಲಭಕ್ಕೆ ಹೋಗುವುದಲ್ಲ. ನಾನೂ ಉಜ್ಜಲಿಲ್ಲ. ಸುದ್ದಿ ಬರುವವರೆಗೆ ಅಳಿಸುವುದಿಲ್ಲ ಎಂದು ಹಟ ಹಿಡಿದೆ. "ಏನ್ಲಾ, ಹೋಳಿ ಮುಗೀಲಿಲ್ವಾ ನಿಂಗೆ?" ಎಂದು ಎದುರು ಮನೆಯವನು ದಿನಾ ಕೇಳುತ್ತಿದ್ದ. "ಬಾ ಇಲ್ಲಿ, ನಾಲ್ಕಾದ್ಮೇಲೆ ಎರಡು ಯಾಕೆ ಅಂತ ಹೇಳ್ತೀನಿ," ಎಂದರೆ ಓಡಿಹೋಗುತ್ತಿದ್ದ. ದಿನ ಕಳೆದಂತೆ ಗೆರೆಗಳು ಮಾಸುತ್ತ ಬಂದವು. ಹೊಕ್ಕುಳಿನದು ಹೋಯಿತು, ತೋಳಿನವು ಹೋದವು. ಸುದ್ದಿ ಬರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಅವಳೇ ಬಂದಳು. ಪೆಟ್ಟಿಗೆ ಇಳಿಸಿದಳು. ಸೀದಾ ಮಗ್ಗದ ಹತ್ತಿರ ಬಂದು ಕೂತುಕೊಂಡಳು. ನಾನು ಲಾಳಿ ಕೆಳಗಿಟ್ಟೆ. ಯಾವಾಗ ಹಾಗೆ ಬಂದು ಕೂರುತ್ತಾಳೆ ಎಂದು ಬರೆದಿದ್ದೇನಲ್ಲ.

"ಈ ಸಲ ಏನ್ ಮುರಿದ್ಯವ್ವಾ?" ಎನ್ನಲು 'ಈ' ಎನ್ನುವಷ್ಟರಲ್ಲಿ ಅವಳು ನನ್ನ ಕೊರಳ ಗುಳಿಗೆ ಬೆರಳಿಟ್ಟಳು. ದಿಣ್ಣೆಗೆ ಇಳಿಸಿ, ಪಕ್ಕಕ್ಕೆ ಸರಿಸಿ, "ಎರಡು," ಎಂದಳು. ಬೆರಳು ಬೆಚ್ಚಗಿತ್ತು.

"ಎಣಿಸಿದ್ಯಾ?"

"ಎಣಿಸ್ದೆ. ಆಮೇಲೆ, ಕತ್ತಿನ ಐದನೆಯದನ್ನ ಎದೆ ಮೇಲೆ ತೋರ್ಸಮ್ಮಾ ಅಂದ್ರು ತಾತ. ಬೇಕೂಂತ ಕೇಳ್ತಾರೆ ಹಂಗೆ, ಎಡವಲಿ ಅಂತ."

"ನೀನೇನಂದೆ?"

"ಎದೇಲಿಲ್ಲ ಸಾರ್, ತೋಳಿಗೆ ಹೋಗಿದೆ ಅಂದೆ. ಮುದುಕಪ್ಪನ ಹೆಗಲು ಮುಟ್ಟಿ ತೋರ್ಸಿದೆ. ಪಾಸು ತಾತ. ಸೀಟು ಉಳೀತು."

ನಾನು ಏನು ಕೂಗಿದೆನೋ ನನಗೆ ನೆನಪಿಲ್ಲ. ಎದುರು ಮನೆಯವನು ಬೀಡಿ ಬಿಸಾಕಿ ಓಡಿಬಂದ, ಮನೆಗೆ ಬೆಂಕಿ ಬಿತ್ತೇನೋ ಎಂದು. ಅವನ ಅಂಗಿ ಬಿಚ್ಚಿಸಿ, ಅಲ್ಲೇ ನಿಲ್ಲಿಸಿ, ಅವನ ಎರಡನೆಯ ಪಕ್ಕೆಲುಬನ್ನು ಅವನಿಗೇ ತೋರಿಸಿಕೊಟ್ಟೆ.

ಮುದುಕಿ ಹಂಡೆಗೆ ನೀರು ಹೊಯ್ದು ಉರಿ ಹಚ್ಚಿದಳು. "ಈಗಲಾದ್ರೂ ಉಜ್ಕೊಳ್ರೀ," ಎಂದು ಸೀಗೆಪುಡಿ ತಂದುಕೊಟ್ಟಳು. ಉಜ್ಜಿಕೊಂಡೆ. ಉಳಿದಿದ್ದ ಗೆರೆಗಳೆಲ್ಲ ಕೆಂಪಗೆ ಹರಿದುಹೋದವು. ನಾಲ್ಕಕ್ಕೂ ಎರಡಕ್ಕೂ ನಡುವಿನದು ಮಾತ್ರ ತೆಳ್ಳಗೆ ಹಾಗೇ ನಿಂತಿತ್ತು. ಅದನ್ನು ಉಜ್ಜದೆ ಎದ್ದು ಬಂದೆ.